ನಾಲ್ಕನೆಯ ಸಲ, ಎರಡು ಗಜ

ಪರದೆಗಳ ಅಂಚನ್ನು ನಾನು ಎಂದೂ ಬಿಗಿಯಾಗಿ ಹೊಲಿದವಳಲ್ಲ.
ಉದ್ದುದ್ದ ಹೊಲಿಗೆ, ಎಳೆದರೆ ಬಿಚ್ಚಿಕೊಳ್ಳಬೇಕು.
ಮುಂದಿನ ಊರಿನ ಕಿಟಕಿ ಎಷ್ಟುದ್ದವೋ ಯಾರು ಬಲ್ಲರು?

ಚಾಡ್ರನ್‌ನಲ್ಲಿ ಗಿಡ್ಡ ಕಿಟಕಿ. ಗನಿಸನ್‌ನಲ್ಲಿ ನೆಲದವರೆಗೆ.
ಮ್ಯಾಗ್ನೋಲಿಯದಲ್ಲಿ ಪರದೆಗಳು ಪೆಟ್ಟಿಗೆಯಲ್ಲೇ ಉಳಿದು
ಇಲಿಯ ಪಾಲಾದವು.
ಹಾಯ್ಟ್ ಆಗಿನ್ನೂ ಸಹಾಯಕ,
ದಪ್ಪ ಹುಡುಗರಿಗೆ ಮೊದಲ ಹೆಜ್ಜೆ ಕಲಿಸುವವನು.
ಬಲಗಾಲಲ್ಲ, ಎಡಗಾಲು. ಆರೇ ಇಂಚು. ಮತ್ತೊಮ್ಮೆ.
ಮದುವೆಯಾದ ವರ್ಷದ ಆಗಸ್ಟ್ ತಿಂಗಳು
ಆ ಆರು ಇಂಚಿನಲ್ಲೇ ಕಳೆದುಹೋಯಿತು.

ಆಟವನ್ನು ನನಗೆ ಹೇಳಿಕೊಟ್ಟದ್ದೂ ಅವನೇ,
ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ,
ಮೆಣಸಿನ ಡಬ್ಬಿ, ಒಂಬತ್ತು ಬಿಸ್ಕತ್ತು ಜೋಡಿಸಿ:
ಹತ್ತು ಗಜ ಮುಂದೆ ಹೋಗಬೇಕು, ನಾಲ್ಕು ಸಲ ಅವಕಾಶ.
ಹೋದರೆ ಮತ್ತೆ ನಾಲ್ಕು ಕೊಡುತ್ತಾರೆ,
ಇಲ್ಲದಿದ್ದರೆ ಚೆಂಡು ಅವರದು.
ಅಷ್ಟೇನಾ, ಅಂದೆ.
ಅಷ್ಟೇ, ಅಂದ. ಮೆಣಸನ್ನು ಎಡಕ್ಕೆ ಸರಿಸಿದ.

ಮೂವತ್ತೆಂಟಕ್ಕೆ ದಾಳಿಯ ಹೊಣೆ ಪೂರ್ತಿ ಅವನದಾಯಿತು.
ಪ್ಲಾಸ್ಟಿಕ್ ಹೊದಿಸಿದ ಹಾಳೆ, ಇರುವೆ ಸಾಲಿನಂಥ ಅಕ್ಷರ,
ಒಂದೊಂದು ಹೂಟಕ್ಕೂ ಒಂದು ಗುಟ್ಟಿನ ಹೆಸರು.
ಹೆಸರಿಗೇನು ಬರ, ಬಿಟ್ಟುಬಂದ ಊರುಗಳಿದ್ದವಲ್ಲ.
ಮೇಲೆ ಕಂಬಳಿ ಹೊದ್ದು ಕೂತ ನನಗೆ ಕೇಳಿಸುತ್ತಿತ್ತು:
ಹತ್ತೊಂಬತ್ತರ ಹುಡುಗ ‘ಚಾಡ್ರನ್! ಚಾಡ್ರನ್!’ ಎಂದು ಕೂಗಿದರೆ
ಸಾಲಿಗೆ ಸಾಲೇ ಬೆನ್ನು ಬಾಗಿಸುತ್ತಿತ್ತು.
ನನಗೆ ನೆನಪಾಗುತ್ತಿದ್ದುದು ಅಲ್ಲಿನ ಲಾಂಡ್ರಿ,
ನಾಣ್ಯ ನುಂಗಿ ತಿರುಗದ ಮೂರನೆಯ ಯಂತ್ರ.
ಗನಿಸನ್ ಎಂದರೆ ಬಲಕ್ಕೆ ಓಟ.
ಮ್ಯಾಗ್ನೋಲಿಯ ಎಂದರೆ ಮೋಸದ ಪಾಸು,
ಇಲಿಗಳ ಗೌರವಾರ್ಥ, ಅನ್ನುತ್ತಿದ್ದ.

ಹಾಳೆಯ ಕೆಳಮೂಲೆಯಲ್ಲಿ ಆಲ್ವಾ.
ಹದಿನಾಲ್ಕು ವರ್ಷ ಅದನ್ನವನು ಕರೆದಿರಲಿಲ್ಲ.
ಆಲ್ವಾದಲ್ಲಿ ನಾವಿದ್ದದ್ದು ಒಂದೇ ಚಳಿಗಾಲ.
ಅಲ್ಲೊಂದು ತೊಟ್ಟಿಲಿಗೆ ಹಳದಿ ಬಣ್ಣ ಬಳಿದೆವು. ಬಣ್ಣ ಒಣಗಿತು.
ಪಕ್ಕದ ಮನೆಯ ವೀಟ್ಲಿಯವರಿಗೆ ಕೊಟ್ಟುಬಂದೆವು.
ಇಷ್ಟು ಸಾಕು.

ಗೆದ್ದರೆ ಹುಡುಗರ ಕಾಲು, ಸೋತರೆ ಇವನ ತಲೆ.
ಈರುಳ್ಳಿ ತೂಗುತ್ತಲೇ ಅಂಗಡಿಯವಳು ಕೇಳುತ್ತಾಳೆ,
‘ಮೂರನೆಯ ಸಲ ಯಾಕೆ ಓಡಿಸಲಿಲ್ಲ ನಿನ್ನ ಗಂಡ?’
ತುಟಿ ಓದುವವರಿದ್ದಾರೆಂದು
ಹಾಳೆ ಅಡ್ಡ ಹಿಡಿದೇ ಮಾತಾಡುವುದು ಅವನ ಅಭ್ಯಾಸ.
ಹೋಟೆಲಿನಲ್ಲಿ ತಿಂಡಿಪಟ್ಟಿ ಹಿಡಿದ.
ಅವನಮ್ಮನನ್ನು ಮಣ್ಣು ಮಾಡಿದ ದಿನ ಪ್ರಾರ್ಥನೆಯ ಹಾಳೆ ಹಿಡಿದು
ಕಾರಿನ ಕೀಲಿ ಎಲ್ಲಿ ಎಂದು ಕೇಳಿದ.

ನವೆಂಬರಿನ ಆ ರಾತ್ರಿ. ನಾಲ್ಕು ಅಂಕ ಹಿಂದೆ,
ಒಂಬತ್ತು ಸೆಕೆಂಡು. ನಾಲ್ಕನೆಯ ಸಲ, ಗೆರೆಗೆ ಎರಡು ಗಜ.
ಇಡೀ ಮೈದಾನಕ್ಕೆ ಗೊತ್ತು, ನುಗ್ಗಿಸುತ್ತಾನೆ ಎಂದು.
ಹುಡುಗ ಬಾಯಿಗೆ ಎರಡೂ ಕೈ ಹಿಡಿದು ಕೂಗಿದ:
ಆಲ್ವಾ! ಆಲ್ವಾ!
ನಾನು ಕಂಬಳಿ ಬಿಟ್ಟು ಎದ್ದುನಿಂತೆ.

ಎಲ್ಲರೂ ಎಡಕ್ಕೆ ನುಗ್ಗಿದರು. ಬಲಮೂಲೆಯಲ್ಲಿ
ಟ್ರೆಮೇನ್ ಓಡಮ್ ಒಬ್ಬನೇ, ಸುತ್ತ ನರಪಿಳ್ಳೆಯಿಲ್ಲ.
ಚೆಂಡು ಅವನ ಅಂಗೈಗೆ ಬಂತು.
ಬಂದದ್ದಂತೂ ನಿಜ.
ಆಮೇಲೆ ಹುಲ್ಲಿನ ಮೇಲಿತ್ತು.

ಪತ್ರಿಕೆಯವರಿಗೆ ಹೇಳಿದ: ಕರೆದದ್ದು ನಾನು,
ಹುಡುಗನ ಹೆಸರು ಬರೆಯಬೇಡಿ. ಬರೆದರು.
ಸೋಮವಾರ ಅವನ ಕಾರ್ಡಿಗೆ ಕಚೇರಿಯ ಬಾಗಿಲು
ಕೆಂಪು ದೀಪ ತೋರಿಸಿತು. ಒಂಬತ್ತನೆಯ ಊರು.
ನೀರಿನ ಋಣ ಮುಗಿಯಿತೆಂದು ತಿಳಿಯುವುದು ಹೀಗೆ,
ಮಳೆಗಾಳಿಯಲ್ಲಿ ಮೂರು ಸಲ ಕಾರ್ಡು ಉಜ್ಜಿ.

ಯಾಕೆ ಆ ಹೆಸರು ಎಂದು ನಾನು ಕೇಳಲಿಲ್ಲ.
ರಾತ್ರಿ ಅಡುಗೆಮನೆಯಲ್ಲಿ, ವಿದ್ಯುತ್ ಬಿಲ್ಲನ್ನು
ಬಾಯಿಗೆ ಅಡ್ಡ ಹಿಡಿದು, ಅವನೇ ಅಂದ:
ನೋಡಿದೆಯಲ್ಲ, ಎಷ್ಟು ಖಾಲಿಯಿತ್ತು ಆ ಮೂಲೆ.
ನೋಡಿದೆ, ಅಂದೆ.
ಕತ್ತರಿ ಯಾವ ಡ್ರಾಯರಿನಲ್ಲಿತ್ತೋ, ಹುಡುಕತೊಡಗಿದೆ.