ಕಾಗೆಯ ಗೂಡಿಗೆ ಸೂರಿಲ್ಲ

ಸಿದ್ದಾಪುರದ ಸೇತುವೆ ದಾಟಿ ಬಲಕ್ಕೆ,
ಪಲ್ಪರ್ ರಿಪೇರಿಯ ಹಳೇ ಶೆಡ್ಡಿನ ಹಿಂದೆ
ಇನ್ನಾಸಪ್ಪನ ಶಾಸ್ತ್ರಮೃಗಾಲಯ.
ದೊಡ್ಡವರಿಗೆ ಇಪ್ಪತ್ತು, ಮಕ್ಕಳಿಗೆ ಹತ್ತು,
ಪಾದ್ರಿಗೆ, ಮುಸ್ಲಿಯಾರಿಗೆ, ಪೂಜಾರಿಗೆ ಪುಕ್ಕಟೆ.
ನಾನು ಇಲಾಖೆಯವನು. ನನಗೂ ಪುಕ್ಕಟೆ.
ಕಂಕುಳಲ್ಲಿ ನಮೂನೆ, ಕಿಸೆಯಲ್ಲಿ ಸೀಲು,
ದೂರು ಬಂದಿದೆಯೆಂದು ಬಂದವನು.

"ಎಲ್ಲಾ ಬರೆದಿಟ್ಟಿದ್ದೇ ಸಾರ್,
ನಾನು ಹೊಸೆದದ್ದು ಒಂದೂ ಇಲ್ಲ" ಎಂದ.
ಮೂವತ್ತೆರಡು ವರ್ಷ ಕಾಫಿಹಣ್ಣಿನ ಸಿಪ್ಪೆ ಸುಲಿಯುವ ಯಂತ್ರಕ್ಕೆ
ಎಣ್ಣೆ ಬಿಟ್ಟ ಬೆರಳು. ಆ ಬೆರಳಿಂದಲೇ
ತಗಡಿನ ಮೇಲೆ ಹಳದಿ ಬಣ್ಣದಲ್ಲಿ ಬರೆದಿದ್ದಾನೆ,
ಅಲ್ಲಲ್ಲಿ ಕಾಗುಣಿತ ಜಾರಿ:

ಒಡೆಯನಿಗಿಂತ ಮೊದಲು ದೇವದೂತನ ಕಂಡ ಕತ್ತೆ.
ಕುಶಾಲನಗರದ ದೋಬಿಯಿಂದ ಕೊಂಡದ್ದು,
ಎಡಗಣ್ಣಿಗೆ ಪೊರೆ.

ಪ್ರವಾದಿಯ ನುಂಗಿ ಮೂರು ದಿನ ಇಟ್ಟುಕೊಂಡ ಮೀನು.
ಸಿಮೆಂಟು ತೊಟ್ಟಿಯಲ್ಲಿ ಅಂಗೈಯಗಲದ ಜಿಲೇಬಿ.
ಬಗ್ಗಿದ ನನ್ನ ಮುಖಕ್ಕೆ ಬಾಯಿ ತೆರೆದು,
ಅಳತೆ ನೋಡಿ, ಮುಚ್ಚಿಕೊಂಡಿತು.

ಗವಿಯ ಬಾಯಿಗೆ ಬಲೆ ನೇಯ್ದು
ಅಡಗಿದವರ ಉಳಿಸಿದ ಜೇಡ.
ಗಾಜಿನ ಡಬ್ಬಿ ಖಾಲಿ.
ಜೇಡ ಗೇಟಿನ ಚಿಲಕದಲ್ಲಿ ಕೆಲಸದಲ್ಲಿತ್ತು.

ಜಿಗಣೆಗೆ ಮಾತ್ರ ಬೋರ್ಡಿಲ್ಲ.
"ಅದೂ ಗ್ರಂಥದಲ್ಲಿ ಉಂಟು ಸಾರ್, ಸಾಕು ಅನ್ನಲು ಬಾರದ್ದು.
ಕಾಲು ನೋಡಿಕೊಳ್ಳಿ."
ನೋಡಿಕೊಂಡೆ. ಕಾಲುಚೀಲದೊಳಗೆ ಎರಡು,
ಅಕ್ಕತಂಗಿಯರ ಹಾಗೆ.

ಸ್ವರ್ಗದ ಬಾಗಿಲ ತನಕ ಹೋದ ನಾಯಿಯ ಗೂಡು ತೆರೆದೇ ಇತ್ತು.
ಹರಿದ ಕಿವಿಯ ಕಂದು ನಾಯಿ
ಹೊರಗೆ ಮಲಗಿದ್ದು, ಎದ್ದು, ನನ್ನ ಕಿಸೆಯ ಸೀಲು ಮೂಸಿತು.

ಕೊನೆಗೆ ಕಾಗೆ.
ಅಣ್ಣ ತಮ್ಮನ ಕೊಂದು
ಹೆಣ ಹೊತ್ತು ದಿಕ್ಕೆಟ್ಟು ನಿಂತಾಗ
ನೆಲ ಕೆದಕಿ ತೋರಿಸಿದ ಕಾಗೆ.
ನಾಲ್ಕು ಸುತ್ತ ಜಾಲರಿ, ಮೇಲೆ ಬರೀ ಆಕಾಶ.
ನಮೂನೆಯ ಮೂರನೇ ಕಲಮು: ಎಲ್ಲಿಂದ ತಂದದ್ದು?
"ತಂದದ್ದಲ್ಲ, ಬರುತ್ತದೆ."
"ದಿನಾ?"
"ಮನೆಯಲ್ಲಿ ಮೀನು ಮಾಡಿದ ದಿನ."

"ಆನೆ ಇಲ್ಲವಾ?" ಎಂದೆ, ತಮಾಷೆಗೆ.

ಇನ್ನಾಸಪ್ಪ ಉತ್ತರಿಸದೆ ಕತ್ತೆಯ ಕಡೆ ನಡೆದ.
ತೊಟ್ಟಿ ತಿಕ್ಕುತ್ತಿದ್ದ ಬೊಳ್ಳಿ
ಕೈಯನ್ನು ಸೀರೆಗೆ ಒರೆಸಿ,
ಕೋಳಿಗೂಡಿಗೆ ಮುಚ್ಚಳವಾಗಿದ್ದ ತಗಡು ಮಗುಚಿದಳು:
ಮೊಸಳೆ ಕಾಲು ಹಿಡಿದಾಗ
ತಾವರೆ ಎತ್ತಿ ದೇವರ ಕರೆದ ಆನೆ.
ಓದು ಬಾರದವಳು ಬೆರಳಿಟ್ಟು ಓದಿದಳು,
ಒಂದಕ್ಷರ ತಪ್ಪದೆ.

"ನಾನೇ ಕಿತ್ತದ್ದು.
ಹೋದ ಹಲಸಿನ ಕಾಲಕ್ಕೆ, ಲೈನ್‌ಮನೆ ಹಿಂದೆ,
ನನ್ನ ತಮ್ಮ ಚಾತನ ಮೆಟ್ಟಿತು.
ಅವನೂ ಕರೆದ. ಎರಡು ಸಲ.
ನನಗೆ ಕೇಳಿಸಿತು.
ಆ ಆನೆ ಯಾವ ಪುಸ್ತಕದ್ದು ಸಾರ್?"

ನಾನು ಕಾಗೆಯ ಬೋರ್ಡು ನೋಡುತ್ತ ನಿಂತೆ.
ಅವಳೂ ನೋಡಿದಳು.

"ಗುಂಡಿ ತೆಗೆಯೋದ ಕಾಗೆ ಹೇಳಿಕೊಡಬೇಕಾ?
ಒಂದೂವರೆ ಅಡಿ ಅಗಲ, ಒಂದೂವರೆ ಆಳ,
ಕಾಫಿಗಿಡಕ್ಕೆ ದಿನಕ್ಕೆ ನಲವತ್ತು ತೆಗೆದವಳು ನಾನು.
ಅವತ್ತು ಒಂದೇ.
ಸ್ವಲ್ಪ ಉದ್ದ."

ಜಾತಿ, ಸಂಖ್ಯೆ, ಮೂಲ, ಷರಾ.
ಕತ್ತೆ ಒಂದು. ಮೀನು ಒಂದು.
ಕಾಗೆ: ಬರುತ್ತದೆ, ಹೋಗುತ್ತದೆ.
ಕಲಮಿನಲ್ಲಿ ಹಿಡಿಯದೆ ಅಕ್ಷರ ಅಂಚಿಗೆ ಹತ್ತಿತು.
ಆನೆ ಎಂದು ಯಾಕೆ ಬರೆದೆನೋ,
ಸಂಖ್ಯೆಯ ಜಾಗದಲ್ಲಿ ಪೆನ್ನು ನಿಂತಿತು.
ಮೆಣಸಿನ ಬಳ್ಳಿಗಳಾಚೆ ಎಲ್ಲೋ
ಅರಣ್ಯದವರ ಜೀಪು ಸೈರನ್ ಹಾಕಿ
ಲೈನಿನ ಮಕ್ಕಳನ್ನು ಒಳಗೆ ಕರೆಯುತ್ತಿತ್ತು.
ಸೀಲು ಒತ್ತಲಿಲ್ಲ. ನಾಳೆ ಒತ್ತಿಯೇನು.

ಹೊರಟಾಗ ನಾಯಿ ಹಿಂದೆಯೇ ಓಡಿಬಂತು.
ಕಾಲುಚೀಲ ಒದ್ದೆ, ರಕ್ತ ಇನ್ನೂ ನಿಂತಿರಲಿಲ್ಲ.
ಕೆಳಗೆ ಕಾವೇರಿ ಕೆಂಪಗೆ, ದಡ ಮೀರುವ ಯೋಚನೆಯಲ್ಲಿ.
ಸೇತುವೆಯ ಮೊದಲ ಕಂಬದ ಹತ್ತಿರ ನಾಯಿ ನಿಂತು,
ಚಕ್ರಕ್ಕೆ ಒಮ್ಮೆ ಬೊಗಳಿ,
ತಿರುಗಿ ನಡೆಯಿತು.
ಇವನು ಹೋಗುವುದು ಬರೀ ಮಡಿಕೇರಿಗೆ
ಎಂದು ಗೊತ್ತಾಗಿರಬೇಕು ಅದಕ್ಕೆ.