ಮಣೆಯ ಹೊಕ್ಕುಳು

ಅಪ್ಪ ಈ ದಿಮ್ಮಿಯನ್ನು ಅಟ್ಟಕ್ಕೇರಿಸಿದಾಗ
ನನಗೆ ಹಾಲುಹಲ್ಲು ಬೀಳುತ್ತಿತ್ತು.
ಕೊಯ್ದ ತುದಿಗಳಿಗೆ ಮೇಣ ಬಳಿದು
ಮಸಿಯಲ್ಲಿ ಇಸವಿ ಬರೆದು
'ಒಣಗಲಿ' ಅಂದ. ಅಷ್ಟೇ.
ಆಮೇಲೆ ಮೂವತ್ತೊಂದು ಚಳಿಗಾಲ
ಆ ಮಾತಿನ ಮೇಲೆ ಧೂಳು ಕೂತಿತು.

ಯಾಕುಶಿಮಾದಲ್ಲಿ ಹಳೆಯ ದೇವದಾರು ಕಡಿಯುವಂತಿಲ್ಲ.
ಬಿದ್ದದ್ದು, ಹೂತದ್ದು, ಹೊಳೆ ಉರುಳಿಸಿ ತಂದದ್ದು,
ಅಂಥದಷ್ಟೇ ಹರಾಜಿಗೆ.
ಹಿದಾಕ ಕಿಯೊಮಾತ್ಸು, ಅಂದರೆ ನನ್ನಪ್ಪ,
ಒಂದು ದೋಣಿಯ ಬೆಲೆ ತೆತ್ತು ಈ ತುಂಡು ತಂದ ದಿನದಿಂದ
ಅಮ್ಮ ವಾರವಿಡೀ ಅವನಿಗೆ
ಉಪ್ಪಿಲ್ಲದ ಗಂಜಿ ಬಡಿಸಿದಳಂತೆ.

ಈ ಸಲ ಪ್ಲಮ್ ಹೂಬಿಡುವ ಹೊತ್ತಿಗೆ
'ಇಳಿಸು' ಅಂದ.
ಗರಗಸ ಅರ್ಧ ಹೋಗಿ ಅಳುಕಿತು.
ಕಲ್ಲಲ್ಲ, ಮೊಳೆಯಲ್ಲ,
ನಾರಿಗೆ ಅಡ್ಡಬಿದ್ದ ಒಂದು ಕಪ್ಪು ಬಾಯಿ,
ಅಂಟು ತುಂಬಿಕೊಂಡು ಮುಚ್ಚಿದ್ದು.
ಅಪ್ಪ ಮಂಡಿಯೂರಿ ಮೂಸಿದ.
'ಕೊಡಲಿ.
ಮುನ್ನೂರು ವರ್ಷವಾದರೂ ಆಗಿರಬೇಕು.'

ಅಕ್ಕಿ ಬೆಳೆಯದ ದ್ವೀಪ ನಮ್ಮದು.
ಕಂದಾಯಕ್ಕೆ ಕೊಟ್ಟದ್ದು ಸೂರಿನ ಹಲಗೆ.
ಮರ ನೇರ ಸೀಳುತ್ತದೋ ಇಲ್ಲವೋ ತಿಳಿಯಲು
ಮೊದಲೊಂದು ಏಟು ಹಾಕಿ ನೋಡುವುದು,
ನಾರು ತಿರುಚಿದ್ದರೆ ಬಿಟ್ಟು ಮುಂದಕ್ಕೆ ಹೋಗುವುದು.
ಯಾರೋ ಒಬ್ಬ, ಬೆನ್ನಿಗೆ ಬುತ್ತಿ ಕಟ್ಟಿಕೊಂಡವ,
ಇದಕ್ಕೂ ಒಂದೇಟು ಹಾಕಿ
ಒಳಗೆ ಇಣುಕಿ
'ಕೆಲಸಕ್ಕೆ ಬಾರದ್ದು' ಅಂದಿರಬೇಕು,
ಉಗುಳಿರಲೂಬಹುದು.
ನೇರ ಇದ್ದವೆಲ್ಲ ಸೂರಾಗಿ
ಸೂರು ಸೋರಿ ಸೌದೆಯಾಗಿ
ಯಾರದೋ ಸ್ನಾನಕ್ಕೆ ನೀರು ಕಾಯಿಸಿದವು.
ಇದು ಸೊಟ್ಟ. ನಿಂತಿತು.
ವರ್ಷಕ್ಕೊಂದು ಸುತ್ತಿನಂತೆ ಗಾಯಕ್ಕೆ
ಬಟ್ಟೆ ಸುತ್ತಿಕೊಂಡು.

ನಾಲ್ಕು ಕಾಲು ಕೆತ್ತಿದೆ, ಕುಚಿನಾಶಿ ಕಾಯಿಯ ಆಕಾರ.
ಆ ಹೆಸರಿಗೆ 'ಬಾಯಿಲ್ಲ' ಎಂದೂ ಅರ್ಥ:
ಪಕ್ಕದಲ್ಲಿ ಕೂತು ನೋಡುವವರು ತುಟಿ ಬಿಚ್ಚಬಾರದು.
ಮಣೆ ಬೋರಲು ಹಾಕಿ ಹೊಕ್ಕುಳು ಕೊರೆದೆ.
ಕಲ್ಲಿಟ್ಟಾಗ ದನಿ ಹೊಮ್ಮಲೆಂದು.
ಅಜ್ಜ ಹೇಳುತ್ತಿದ್ದದ್ದು ಬೇರೆ:
ನಡುವೆ ಬಾಯಿ ಹಾಕಿದವನ ತಲೆ ಇಡೋಕೆ ಕಣೇ ಸಾಯೊ,
ಸರಿಯಾಗಿ ಕೂರುತ್ತೆ.

ಮುಂಗಡ ಕೊಟ್ಟಿದ್ದವರು ಕಾಗೊಶಿಮಾದ ದಂತವೈದ್ಯ ನಿಶಿಕೊರಿ.
ಫೋಟೊ ಕಳಿಸಿದೆ.
'ಕಲೆ ಇದೆಯಲ್ಲ,
ಕ್ಷಮಿಸಿ, ಬೇಡ.'
ಅಪ್ಪ ಅದನ್ನು ಎರಡು ಸಲ ಓದಿಸಿಕೊಂಡು
ಕೆಮ್ಮು ಬರುವವರೆಗೂ ನಕ್ಕ.
'ನೋಡು, ಮತ್ತೆ ಪಾರಾಯಿತು.'

ಗೆರೆ ಎಳೆಯುವುದು ಕತ್ತಿಯಿಂದ.
ಮೊಂಡು ಅಲಗಿಗೆ ಅರಗು ಸವರಿ
ಮರದ ಮೇಲೆ ಮೆಲ್ಲಗೆ ಮಲಗಿಸಿ
ಉಸಿರು ಹಿಡಿದು ಎತ್ತಿಬಿಡಬೇಕು.
ಹತ್ತೊಂಬತ್ತು ಉದ್ದಕ್ಕೆ, ಹತ್ತೊಂಬತ್ತು ಅಡ್ಡಕ್ಕೆ.
ಅಪ್ಪ ಎರಡೂ ಕೈಯಲ್ಲಿ ಕತ್ತಿ ಹಿಡಿದ.
ಅದರ ತುದಿ ನಡುಗುವುದನ್ನು
ನಾನು ನೋಡಿದೆ. ಅವನೂ ನೋಡಿದ.
ಹಿಡಿಯನ್ನು ನನ್ನ ಕಡೆ ತಿರುಗಿಸಿ
ಗೋಡೆಗೆ ಒರಗಿ ಕೂತ,
ಬಾಯಿಲ್ಲದವನಾಗಿ.

ಅಂಚಿನಿಂದ ಆರನೆಯ ಗೆರೆ ಗಾಯದ ಮೇಲೆ ಹಾದಾಗ
ಮರ ಅರಗನ್ನು ಒಳಗೆಳೆದುಕೊಂಡಿತು.
ಒಂದು ಅಕ್ಕಿಕಾಳಿನಷ್ಟು ಜಾಗ
ಗೆರೆಯೇ ಇಲ್ಲ.
ತಿದ್ದಲು ಹೋಗಲಿಲ್ಲ ನಾನು.
ತಿದ್ದು ಅನ್ನಲಿಲ್ಲ ಅವನು.

ಬೇರೆ ಆಟಗಳಲ್ಲಿ ಕಾಯಿಗಳಿಗೆ ಮನೆ ಇರುತ್ತದೆ.
ಗೋ ಆಟದಲ್ಲಿ ಮನೆಗಳೆಲ್ಲ ಖಾಲಿ ಖಾಲಿ,
ದಾರಿಗಳು ಕೂಡುವಲ್ಲಿ ಕಲ್ಲು ಕೂರುತ್ತದೆ
ಬಸ್ಸಿಗೆ ಕಾಯುವವರ ಹಾಗೆ.

ನಿನ್ನೆ ಸಂಜೆ ಮೊದಲ ಆಟ.
ಅಪ್ಪನದು ಬಿಳಿ.
ಅಲ್ಲೊಂದು ಇಲ್ಲೊಂದು, ಠಕ್, ಠಕ್,
ಅವನಿಗೆ ಕೇಳುವುದು ಅರ್ಧ.
ನಾನು ಕಪ್ಪು ಕಲ್ಲೊಂದನ್ನು
ಗೆರೆ ಇಂಗಿದ ಆ ಜಾಗದಲ್ಲೇ ಇಟ್ಟೆ.
ಬೇರೆ ದನಿ ಬಂತು,
ತಗ್ಗಿನದು,
ಬಾಗಿಲ ಆಚೆ ಯಾರೋ ಮೂಟೆ ಇಳಿಸಿದ ಹಾಗೆ.

ಅಪ್ಪ ತಲೆ ಎತ್ತಿದ.
'ಏನದು? ಇನ್ನೊಮ್ಮೆ ಇಡು.'
ಇಟ್ಟ ಕಲ್ಲನ್ನು ಎತ್ತಬಾರದು.
ಅವನೇ ಕಲಿಸಿದ್ದು, ಬೆರಳಿನ ಗಂಟಿಗೆ ಹೊಡೆದು.
ಕಿವಿಯನ್ನು ಮಣೆಯ ಅಂಚಿಗೆ ತಂದು
ಕಣ್ಣು ಮುಚ್ಚಿ ಕಾಯುತ್ತಿದ್ದ.

ಎತ್ತಿದೆ.
ಇಟ್ಟೆ.