ಇಪ್ಪತ್ತಕ್ಕ ಎಷ್ಟು

ಹಗಲೆಲ್ಲ ಗದಗ ಎಪಿಎಂಸಿಯೊಳಗ ಹೆಸರುಕಾಳು ನೋಡ್ತೀನಿ.
ಚೀಲಕ್ಕ ಕೊಳವಿ ಚುಚ್ಚಿ, ಅಂಗೈಗೆ ಸುರಕೊಂಡು,
ತೇವ ಎಷ್ಟು, ಕಸ ಎಷ್ಟು, ಹುಳಕ ಎಷ್ಟು
ಬರಕೊಂಡು ಮುಂದಿನ ಚೀಲಕ್ಕ ಹೋಗೋದು.
ಸಂಜಿಗೆ ಬೆಟಗೇರಿ ಮೈದಾನದ ಒಡಕು ಮೆಟ್ಟಿಲ ಮ್ಯಾಲೆ ಕೂತು
ಹುಡುಗರನ್ನ ನೋಡ್ತೀನಿ. ಅದೂ ಅದೇ ಕೆಲಸ.

ಎಲ್ಲೋ ಪರದೇಶದ ಆಟದ ಕಂಪನಿ,
ಕಂಪ್ಯೂಟರಿನಾಗ ಆಡೋ ಫುಟ್‌ಬಾಲು.
ಅದಕ್ಕ ಜಗತ್ತಿನ ಎಲ್ಲಾ ಆಟಗಾರರೂ ಬೇಕಂತ,
ನಮ್ಮ ಜಿಲ್ಲಾ ಲೀಗಿನವರು ಸುದ್ದಾ.
ಒಬ್ಬೊಬ್ಬಗ ಮೂವತ್ತಾರು ಮನಿ,
ಮನಿಗೊಂದು ಅಂಕಿ, ಒಂದರಿಂದ ಇಪ್ಪತ್ತು.
ಓಟ. ಜಿಗಿತ. ಎಡಗಾಲು. ಧೈರ್ಯ. ಸಿಟ್ಟು.
ರೊಕ್ಕ ಕೊಡಂಗಿಲ್ಲ. ವರ್ಷಕ್ಕೊಮ್ಮೆ ಆಟ ಪುಕಟ,
ಕಡೀಕೆ ಸಣ್ಣ ಅಕ್ಷರದಾಗ ನನ್ನ ಹೆಸರು,
ಗವಿಸಿದ್ಧ ಬಣಕಾರ. ಅದನ್ನೂ ತಪ್ಪು ಬರದಾರ.

ಓಟಕ್ಕ ಅಂಕಿ ಹಾಕೋದು ಸಸಾರ, ಗಡಿಯಾರ ಐತಿ.
ಧೈರ್ಯಕ್ಕ ಹೆಂಗ ಹಾಕ್ತೀರಿ?
ಹಾತಲಗೇರಿ ನಾಕಾದ ಇಲ್ಯಾಸಗ ಹದಿನೇಳು ಹಾಕೀನಿ,
ರೆಫ್ರಿಗೆ ಅಂಜಂಗಿಲ್ಲ ಅಂತ.
ಅವರಪ್ಪ ಬಂದು ಮೆಟ್ಟಿಲ ಹತ್ರ ನಿಂತ್ರ, ಮೂರು.
ಅದಕ್ಕ ಬ್ಯಾರೆ ಮನಿ ಇಲ್ಲ.

ಇನ್ನೊಂದು ಮನಿ ಐತಿ, ನೋಟ ಅಂತ.
ಚೆಂಡು ಬರೂಕಿಂತ ಮೊದಲ, ಅದು ಎಲ್ಲೆ ಹೋಗಬೇಕಂತ ಕಾಣೋದು.
ಹತ್ತು ವರ್ಷದಾಗ ಯಾರಿಗೂ ಹನ್ನೆರಡು ದಾಟಿಸಿರಲಿಲ್ಲ.
ಫಕ್ಕೀರೇಶ ಹೂಗಾರ ಬಂದ.
ಮೊಣಕಾಲ ತನಕ ಕೆಮ್ಮಣ್ಣು, ಸೊಂಟಕ್ಕ ಸಿಗಿಸಿದ ಬಾಳಿನಾರು.
ಬಲಕ್ಕ ನೋಡ್ತಾನ, ಎಡಕ್ಕ ಕೊಡ್ತಾನ.
ಅಲ್ಲೆ ಯಾರೂ ಇರಂಗಿಲ್ಲ,
ಒಂದು ಉಸಿರು ಬಿಟ್ಟ ಮ್ಯಾಲೆ ಇರ್ತಾರ.
ಹದಿನೆಂಟು, ಅಂದ್ಕೊಂಡೆ. ಜೋರಾಗೇ ಅಂದೆ ಅನಸ್ತೈತಿ,
ಕಡ್ಲಿ ಮಾರಾಂವ ತಿರುಗಿ ನೋಡಿದ.

ಆ ರಾತ್ರಿ ಕರೆಂಟು ಹೋಗಿ ಹೋಗಿ ಬರ್ತಿತ್ತು.
ನನ್ನ ಬೆರಳು ಒಂದು ಸಾಲು ಕೆಳಗ ಇಳೀತು.
ಫಕ್ಕೀರೇಶನ ಮನಿ ಖಾಲಿ ಉಳೀತು;
ಖಾಲಿ ಮನಿಗೆ ಆಟ ತಾನ ಅಂಕಿ ತುಂಬ್ತೈತಿ. ಆರು.
ಕೆಳಗಿನ ಸಾಲು ದಾವಲಸಾಬ ನದಾಫಂದು,
ಗಾದಿ ಹೊಲಿಯೋರ ಹುಡುಗ, ಡಿಫೆಂಡರು.
ಅರಳಿ ಬಡದಂಗ ಚೆಂಡು ಬಡೀತಾನ.
ಎಲ್ಲೆ ಬೀಳ್ತೈತಿ ಅನ್ನೋದು ಚೆಂಡಿನ ಹಣೇಬರಾ.

ಮೂರು ತಿಂಗಳಿಗೆ ಅಮರಾವತಿ ಎಕ್ಸ್‌ಪ್ರೆಸ್ಸಿನಿಂದ ಒಬ್ಬ ಇಳದ,
ಗೋವಾದ ಕ್ಲಬ್ಬಿನಾಂವ, ಬಗಲಾಗ ಲ್ಯಾಪ್‌ಟಾಪು.
ಚಾ ಬ್ಯಾಡಂದ. ಯಾರ ಮಾರೀನೂ ನೋಡಲಿಲ್ಲ.
"ನೋಟ ಹದಿನೆಂಟು ಯಾರು?"
ನಾನು ಬಾಯಿ ತಗದೆ.
ಅಷ್ಟರಾಗ ಅಂವನ ಪರದೆ ನೋಡಿ ಓದಿದ: ದಾ, ವ, ಲ್.

ಹೇಳಬಹುದಿತ್ತು. ತಪ್ಪಾಗೈತ್ರಿ. ಒಂದ ಶಬ್ದ.
ಆದ್ರ ತಪ್ಪು ಅದೊಂದ ಅಂತ ಯಾರು ನಂಬ್ತಾರ?
ಆರುನೂರು ಹುಡುಗರ ಅಂಕಿ, ಎಲ್ಲಾ ಇದ ಬೆರಳಿಂದು.

ದಾವಲಗ ಯಾರೋ ಮೊದಲ ಹೇಳಿಬಿಟ್ಟಿದ್ರು,
ಲೇ, ನಿನ್ನ ನೋಟಕ್ಕ ಹದಿನೆಂಟಂತ, ಗೋವಾಕ್ಕೆಲ್ಲಾ ಗೊತ್ತಂತ.
ಚೆಂಡು ಬಂತು.
ಬಡೀಲಿಲ್ಲ.
ಕಾಲಡಿ ಇಟಗೊಂಡು ತಲಿ ಎತ್ತಿದ.
ಸಣ್ಣಾಂವ ಇದ್ದಾಗಿಂದ ಅಲ್ಲೇ ಆಡಿದ ಹುಡುಗ
ಅವತ್ತ ಮೈದಾನ ಕಂಡಂಗಿತ್ತು:
ನೀರಿನ ಟಾಕಿ, ಗೋಲುಗಂಬದ ಹಿಂದ ಒಣಹಾಕಿದ ಸೀರಿ,
ನಡುವ ಓಡ್ತಿದ್ದ ಫಕ್ಕೀರೇಶ.
ಕೊಟ್ಟ.
ಫಕ್ಕೀರೇಶ ಗೋಲು ಹೊಡದ.
ಗೋವಾದಾಂವ ಬರಕೊಂಡಿದ್ದು ಕೊಟ್ಟಾಂವನ ಹೆಸರು.

ಈಗ ದಾವಲ್ ಆಟದೊಳಗ ಮಾರಿ ಸಮೇತ ಅದಾನ.
ಗದ್ದದ ಮ್ಯಾಲಿನ ಗಾದಿಸೂಜಿ ಗಾಯ ಅಳಿಸ್ಯಾರ.
ನೋಟ ಹದಿನಾಲ್ಕು. ಅಲ್ಲಿಯವರು ಯಾರೋ ಹಾಕಿದ್ದು, ನಂದಲ್ಲ.
ಖರೇನ ಇರಬಹುದು.
ಫಕ್ಕೀರೇಶನ ಆರು, ಹೋದ ವರ್ಷ ತಿದ್ದಿದೆ. ಹದಿನೆಂಟು.
ಅಮರಾವತಿ ಬಂತು, ನಿಂತು, ಹೋತು.

ಮುಂಜಾನಿ ಐದೂವರಿಗೆ ಸೈಕಲ್ ಬೆಲ್ಲು.
ನಮ್ಮ ಓಣಿಗೆ ಹೂ ಕೊಡಾಂವ ಅಂವನ,
ಎಲಿಯಾಗ ಸುತ್ತಿ, ನಾರು ಬಿಗದ ಪುಡಿಕಿ.
ಕಿಟಕಿಯಿಂದ ನೋಡ್ತೀನಿ.
ಪೆಡಲು ನಿಲ್ಲಸಂಗಿಲ್ಲ,
ಎದುರಮನಿ ಅಜ್ಜಿ ಜೋಡಿ ಏನೋ ಮಾತಾಡಿಕೋತ,
ನನ್ನ ಮನಿ ಕಡೆ ಬೆನ್ನು ಮಾಡಿ
ಒಗೀತಾನ.
ಗೇಟು, ತುಂಬಿದ ಕೊಡ, ನನ್ನ ಸ್ಕೂಟರು ದಾಟಿ
ಬಾಗಲ ಚಿಲಕಕ್ಕ ಪುಡಿಕಿ ಸಿಕ್ಕು ನೇತಾಡ್ತೈತಿ.
ಅದು ಅಲ್ಲಾಡೂದು ನಿಲ್ಲೂ ತನಕ
ನಾ ಬಾಗಲಾ ತಗಿಯಂಗಿಲ್ಲ.